ಊಟದ ಮನೆಗೆ ಅವ್ವನ ಹೆಸರು

ಕನ್ನಡದಲ್ಲಿ ಯಾರು ದೊಡ್ಡ ಲೇಖಕರು, ಯಾರು ಸಣ್ಣವರು ಎಂಬುದನ್ನು ವಿಮರ್ಶಕರು ತೀರ್ಮಾನಿಸುತ್ತಾರೆ ಎಂದು ನೀವು ನಂಬಿದ್ದರೆ, ಪಾಪ, ನಂಬಿಕೊಂಡಿರಿ. ಆ ಕೆಲಸ ಮಾಡುವವನು ಪಾಂಡವಪುರದಲ್ಲಿ ಬಿತ್ತನೆ ಬೀಜದ ಅಂಗಡಿ ಇಟ್ಟಿರುವ ನನ್ನ ಸೋದರಮಾವ!

ಅವನ ಅಂಗಡಿಗೆ ಬದನೆ ಬೀಜಕ್ಕೆ ಹೋದವರು ಒಬ್ಬಿಬ್ಬರು ಕವಿಗಳ ಬಗ್ಗೆ ಅವನ ಅಭಿಪ್ರಾಯ ಕೇಳದೆ ಹೊರಗೆ ಬರುವಂತಿಲ್ಲ. ಅವನ ಸಿದ್ಧಾಂತ ಸರಳ. "ಹೈಬ್ರಿಡ್ ಕವಿ ಒಂದು ಬೆಳೆ ಭರ್ಜರಿಯಾಗಿ ಕೊಡ್ತಾನೆ ಕಣ್ಲಾ. ಅವನ ಬೀಜ ಎತ್ತಿಟ್ಟು ಮಾರನೇ ವರ್ಸ ಹಾಕು, ಗಿಡವೇನೋ ಬತ್ತದೆ, ಕಾಯಿ ಬರಕಿಲ್ಲ. ನಾಟಿ ಕವಿ ಅಂಗಲ್ಲ!" ಪ್ರಶಸ್ತಿ ಪಡೆದವರಲ್ಲಿ ಮುಕ್ಕಾಲು ಪಾಲು ಅವನ ಪ್ರಕಾರ ಹೈಬ್ರಿಡ್ಡು.

ನಾಟಿಗಳ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತಿರುವವಳು ಅವನ ಅಕ್ಕ. ಅಂದರೆ ನನ್ನ ಅವ್ವ. ಶೀಳನೆರೆಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡಿದ್ದ ಅವಳು ಒಂದೇ ಒಂದು ತೆಳ್ಳನೆಯ ಕವನ ಸಂಕಲನ ತಂದು ತೀರಿಕೊಂಡಳು. ಅದು ಪದವಿ ತರಗತಿಗೆ ಪಠ್ಯವಾಗಬೇಕು, ಅಕ್ಕನನ್ನು ಜನ ಓದಬೇಕು ಎಂಬುದೇ ಮಾವನ ಜೀವನದ ಗುರಿ. ಅಡ್ಡಿ ಏನೆಂದರೆ, ಪಠ್ಯ ಆರಿಸುವ ಸಮಿತಿಯಲ್ಲಿ ನಾನಿದ್ದೇನೆ!

ನಾನು ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಕನ್ನಡ ಪಾಠ ಮಾಡುವವನು. ವಿಶ್ವವಿದ್ಯಾಲಯ ನನಗೆ ಚೆನ್ನಾಗಿ ಕಲಿಸಿದ್ದು ಅನುಮಾನವೊಂದನ್ನೇ. ಅವ್ವನ ಪದ್ಯಗಳು ನಿಜಕ್ಕೂ ಒಳ್ಳೆಯವೋ, ಒಲೆ ಮುಂದೆ ಕೂತು ರೊಟ್ಟಿ ತಿನ್ನುತ್ತ ಕೇಳಿದ್ದರಿಂದ ಒಳ್ಳೆಯವೋ? ಅದು ರೊಟ್ಟಿಯೋ, ದೋಸೆಯೋ? ನನ್ನ ನೆನಪಿನ ಸಾಕ್ಷಿಯನ್ನು ಯಾವ ನ್ಯಾಯಾಲಯವೂ ಒಪ್ಪುವುದಿಲ್ಲ.

"ಸ್ವಂತ ತಾಯಿ ಪುಸ್ತಕವನ್ನ ನಾನೇ ಹೆಂಗೆ ಸೂಚಿಸಲಿ ಮಾವ? ನೋಡ್ದೋರು ಏನಂತಾರೆ?"

"ನಿಂಗೆ ಅವ್ವ ಆಗಿದ್ದು ಅವಳ ತಪ್ಪೇನ್ಲಾ?"

ಇದಕ್ಕೆ ಯಾವ ಕಾವ್ಯಮೀಮಾಂಸೆಯಲ್ಲಿ ಉತ್ತರವಿದೆ, ಹೇಳಿ!

ಒಮ್ಮೆ ನಾಗಮಂಗಲದಲ್ಲಿ ಒಬ್ಬ ಹಿರಿಯ ಪ್ರಾಧ್ಯಾಪಕರ ಉಪನ್ಯಾಸ. ನಾಗಮಂಗಲವೇ ಇರಬೇಕು, ಬಸ್ಸಿಗೆ ಕಾದಿದ್ದಂತೂ ನೆನಪಿದೆ. "ಯಾರು ಉಳಿಯಬೇಕೆಂದು ನಾವು ಕಚ್ಚಾಡಬಾರದು, ಕಾಲವೇ ಜರಡಿ" ಎಂದರು ಅವರು. ಹಿಂದಿನ ಸಾಲಿನಿಂದ ಮಾವ ಎದ್ದ. "ಸ್ವಾಮಿ, ಜರಡಿ ತಂತಾನೇ ಆಡಕಿಲ್ಲ. ಇಡ್ಕೊಂಡಿರೋ ಕೈ ಯಾರ್ದು?" ಪ್ರಾಧ್ಯಾಪಕರು ನೀರು ಕುಡಿದರು. ಮತ್ತೊಮ್ಮೆ ಕುಡಿದರು. ಆಮೇಲಿಂದ ಅಲ್ಲಿ ಯಾವ ಉಪನ್ಯಾಸದಲ್ಲೂ ಪ್ರಶ್ನೋತ್ತರಕ್ಕೆ ಸಮಯವೇ ಉಳಿಯುತ್ತಿಲ್ಲವಂತೆ!

ಈಚೆಗೆ ಕೆ.ಆರ್. ಪೇಟೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆಯಿತು. ನಿಮಗೆ ಗೊತ್ತಲ್ಲ, ವೇದಿಕೆಗೆ, ಮಂಟಪಕ್ಕೆ, ಒಂದೊಂದು ದ್ವಾರಕ್ಕೂ ತೀರಿಹೋದ ಸಾಹಿತಿಗಳ ಹೆಸರಿಡುತ್ತಾರೆ. ಪೂರ್ವಭಾವಿ ಸಭೆಯಲ್ಲಿ ಅದಕ್ಕೇ ಜಗಳ. ನಮ್ಮವರಿಗೆ ವೇದಿಕೆ ಕೊಡಿ, ಅವರಿಗ್ಯಾಕೆ ಮಹಾದ್ವಾರ, ಅವರು ಬರೆದದ್ದಾದರೂ ಏನು! ಯಾರೂ ಕರೆಯದಿದ್ದರೂ ಹೋಗಿ ಕೂತಿದ್ದ ಮಾವ ಕೈ ಎತ್ತಿದ.

"ನಮಗೆ ವೇದಿಕೆ ಬ್ಯಾಡ. ಊಟದ ಮನೆಗೆ ನಮ್ಮಕ್ಕನ ಹೆಸರಿಡಿ."

ಸಭೆಯ ಅಧ್ಯಕ್ಷರು ಗಾಬರಿಯಾದರು. "ಕವಯಿತ್ರಿಗೆ ಅವಮಾನ ಅಲ್ವೇನ್ರೀ?"

"ವೇದಿಕೆ ಮುಂದೆ ಎಷ್ಟು ಜನ ಕೂರ್ತಾರೆ, ಎಲೆ ಮುಂದೆ ಎಷ್ಟು ಜನ ಕೂರ್ತಾರೆ, ನೀವೇ ಯೋಳಿ!"

ಊಟದ ಮನೆಗೆ ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ. ಮಾವ ಗೆದ್ದ.

ಸಮ್ಮೇಳನದ ದಿನ ಮಧ್ಯಾಹ್ನ ನೋಡಬೇಕಿತ್ತು! ವೇದಿಕೆಯ ಮೇಲೆ ಕವಿಗಳು ಖಾಲಿ ಕುರ್ಚಿಗಳಿಗೆ ಪದ್ಯ ಓದುತ್ತಿದ್ದರು. ಮೈಕಿನವನು ಅವ್ವನ ಪೂರ್ತಿ ಹೆಸರು ಹಿಡಿದು "ಭೋಜನ ಶಾಲೆಯಲ್ಲಿ ನೂಕಬೇಡಿ" ಎಂದು ಮತ್ತೆ ಮತ್ತೆ ಕೂಗುತ್ತಿದ್ದ. ಇಡೀ ಪೇಟೆಗೆ ಅವಳ ಹೆಸರು ಕೇಳುತ್ತಿತ್ತು. ನನ್ನ ಎದೆ ಉಬ್ಬಿತು. ಅನುಮಾನಿಸಲು ಪುರಸೊತ್ತೇ ಸಿಗಲಿಲ್ಲ.

ಊಟದ ಸಾಲಿನಲ್ಲಿ ನನ್ನ, ಮಾವನ ಮುಂದೆ ಇಬ್ಬರು ಹೆಂಗಸರು ಬಾಗಿಲ ಮೇಲಿದ್ದ ಅವ್ವನ ಫ್ಲೆಕ್ಸ್ ನೋಡುತ್ತಿದ್ದರು.

"ಯಾರಕ್ಕಾ ಈಯಮ್ಮ?"

"ಅಡುಗೆ ಕಂಟ್ರಾಕ್ಟ್ರು ಇರ್ಬೇಕು ಕಣೆ."

ಮಾವ ಕೆರಳಿದ. "ಕವಿ ಕಣಮ್ಮಾ! ನಮ್ಮಕ್ಕ! ಈ ಸೀಮೆಗೇ ಅಂಥಾ ಕವಿ ಇಲ್ಲ!"

"ಅಂಗಾರೆ ಆಯಮ್ಮ ಕಟ್ಟಿದ್ದು ಒಂದು ಪದ ಯೋಳಿ, ಕೇಳುವಾ" ಎಂದಳು ಹಿರಿಯಾಕೆ. ಅಣಕವಲ್ಲ, ನಿಜವಾಗಿಯೇ ಕೇಳಿದ್ದು.

ಮಾವ ನನ್ನತ್ತ ತಿರುಗಿದ.

"ನೀನೇ ಯೋಳ್ಲಾ."

"ನೀನು ಹೇಳು ಮಾವ. ಊರಿಗೆಲ್ಲ ಸಾರಿದವನು ನೀನು."

"ನಾ ಓದಿಲ್ಲ ಕಣ್ಲಾ" ಎಂದ, ನನಗಷ್ಟೇ ಕೇಳುವಂತೆ. "ಇದ್ದಾಗ ಅಂಗಡಿ ಅಂಗಡಿ ಅಂತ ಕೇಳ್ನಿಲ್ಲ. ಈಗ ಪುಸ್ತಕ ತಗುದ್ರೆ ಮೊದಲ್ನೇ ಸಾಲಲ್ಲೇ ಅಕ್ಕನ ದನಿ ಬಂದ್ಬುಡ್ತದೆ. ಮುಂದುಕ್ಕೆ ಓಗಕ್ಕೇ ಆಗಕಿಲ್ಲ."

ನಾನು ಹೇಳತೊಡಗಿದೆ. ಅವಳು ಬರೆದಂತೆಯೇ ಹೇಳಿದೆನೋ, ನಡುವೆ ನನ್ನದೊಂದು ಮಾತು ಸೇರಿತೋ, ಆಣೆ ಮಾಡಲಾರೆ. ಹಿಂದಿನವರು ನೂಕುತ್ತಿದ್ದರೂ ಹೆಂಗಸರಿಬ್ಬರೂ ಕದಲಲಿಲ್ಲ. ಮಾವ ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು, ತನ್ನ ಅಕ್ಕನ ಎರಡನೆಯ ಸಾಲನ್ನು ಮೊದಲ ಸಲ ಕೇಳಿದ.