ಡಬ್ಬಿಯಲ್ಲಿ ಬಿದ್ದ ಮಳೆ

ಮಳೆ ಬಂತೋ ಇಲ್ಲವೋ ಎಂದು ತಿಳಿಯಬೇಕಾದರೆ ಸಾಮಾನ್ಯ ಜನ ಅಂಗಳಕ್ಕೆ ಬಂದು ನಿಲ್ಲುತ್ತಾರೆ. ಸರ್ಕಾರ ಅಂಗಳಕ್ಕೆ ಬರುವುದಿಲ್ಲ, ಅದಕ್ಕೊಬ್ಬ ಕಾರಕೂನ ಬೇಕು. ಆ ಕಾರಕೂನ ನಾನಾಗಿದ್ದೆ. ಹೀಗಾಗಿ ಬೇರೆಯವರಿಗೆ ಜನ್ಮಕ್ಕೊಮ್ಮೆ ಆಗುವಂಥ ಪ್ರಸಂಗಗಳು ನನಗೆ ಮಳೆಗಾಲಕ್ಕೊಂದರಂತೆ ಆಗುತ್ತ ಹೋದವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ಊರಿನ ನೀರು ಕುಡಿದವನು ನಾನು. ಐವತ್ತರ ದಶಕ ಮುಗಿದು ಅರವತ್ತು ಶುರುವಾಗುವ ಕಾಲ. ಯಾವ ಪ್ರಸಂಗ ಯಾವ ಊರಿನದು ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ಆ ಊರಿನವರು ಸಿಟ್ಟಾಗುತ್ತಾರೆ, ಉಳಿದ ಮೂರು ಊರಿನವರು ನಮ್ಮಲ್ಲಿ ಇದಕ್ಕಿಂತ ಹೆಚ್ಚಿನದು ಆಗಿತ್ತಲ್ಲ ಎಂದು ಸಿಟ್ಟಾಗುತ್ತಾರೆ.

ನಾನಾಗ ಹಂಗಾಮಿ ನೌಕರ. ಕಾಯಂ ಆರ್ಡರು ಕೈಗೆ ಬರುವ ತನಕ ಮಗಳನ್ನು ಸಂಸಾರಕ್ಕೆ ಕಳಿಸುವುದಿಲ್ಲ ಎಂದು ಮಾವ ಮದುವೆಯ ಮರುದಿನವೇ ಹೇಳಿಬಿಟ್ಟಿದ್ದರು. ದಸರೆಗೊಂದು ಪತ್ರ ಬರೆಯುತ್ತಿದ್ದರು. ಅದರಲ್ಲಿ ನನ್ನ ಆರೋಗ್ಯ ಕೇಳುತ್ತಿರಲಿಲ್ಲ, ಆರ್ಡರನ್ನು ಕೇಳುತ್ತಿದ್ದರು. ನಾನು ಒಂದು ಪತ್ರದಿಂದ ಇನ್ನೊಂದು ಪತ್ರದವರೆಗೆ ಕೈಯಾರೆ ರೊಟ್ಟಿ ಬಡಿದುಕೊಂಡು ತಿನ್ನುತ್ತಿದ್ದೆ.

ಕೆಲಸ ಸುಲಭದ್ದು. ತಾಲೂಕು ಕಚೇರಿಯ ಅಂಗಳದಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೊಂದು ಡಬ್ಬಿ, ಡಬ್ಬಿಗೆ ಐದಿಂಚು ಬಾಯಿಯ ಲಾಳಿಕೆ, ಒಳಗೊಂದು ಬಾಟಲಿ. ದಿನಾ ಮುಂಜಾನೆ ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿಗೆ ಸುರಿದು, ಅಳೆದು, ರಜಿಸ್ಟರಿನಲ್ಲಿ ಬರೆಯಬೇಕು. ಇಂಚಿಗೆ ನೂರು ಸೆಂಟು. ಇಡೀ ತಾಲೂಕಿನ ಎರೆ ಹೊಲಗಳ ಮೇಲೆ ಏನೇ ಸುರಿಯಲಿ, ಆ ಲಾಳಿಕೆಯ ಬಾಯಿಗೆ ಬಿದ್ದದ್ದಷ್ಟೇ ಮಳೆ.

ಮೂರು ಸೆಂಟು

ಮೊದಲ ಊರಿನಲ್ಲಿ ಸುಡುಬೇಸಿಗೆಯ ಒಂದು ಮುಂಜಾನೆ ಡಬ್ಬಿ ತೆಗೆದರೆ ಒಳಗೆ ಮೂರು ಸೆಂಟು ನೀರು. ಮುಗಿಲಿನಲ್ಲಿ ಒಂದು ಚೂರು ಮೋಡವಿಲ್ಲ. ಬಾಟಲಿಯ ತಳದಲ್ಲಿ ಕರಿ ಹಲ್ಲುಪುಡಿ ಕೂತಿತ್ತು. ಕಚೇರಿಗೆ ಹಿರಿಯರಾದ ಅವಲ ಕಾರಕೂನರು ಹಿಂದಿನ ಮನೆಯಲ್ಲೇ ಇದ್ದು, ಅಂಗಳದಲ್ಲಿ ಅಡ್ಡಾಡುತ್ತ ಹಲ್ಲುಜ್ಜುತ್ತಿದ್ದರು. ಉಗುಳುವಾಗ ಕಣ್ಣು ಮುಚ್ಚುವ ರೂಢಿ ಅವರದು.

ನಾನು ರಜಿಸ್ಟರಿನಲ್ಲಿ ಸೊನ್ನೆ ಬರೆದು, ಪಕ್ಕದಲ್ಲಿ, ಸಿಕ್ಕ ನೀರು ಮಳೆಯದಲ್ಲ, ಹಿರಿಯರು ಬಾಯಿ ಮುಕ್ಕಳಿಸಿದ್ದು ಎಂದು ಟಿಪ್ಪಣಿ ಹಾಕಿದೆ. ಅವರು ಕರೆಸಿದರು.

"ಡಬ್ಬ್ಯಾಗ ನೀರು ಇದ್ದದ್ದು ಖರೆ ಐತೋ ಇಲ್ಲೋ?"

"ಖರೆ ಐತ್ರಿ."

"ಮತ್ತ ಬರಿ. ಎಲ್ಲಿಂದ ಬಂತು ಅನ್ನೂದು ನಿನ್ನ ಕೆಲಸ ಅಲ್ಲ."

ಮೂರು ಸೆಂಟು ಮೇಲಕ್ಕೆ ಹೋಯಿತು. ವಾರ ಕಳೆಯುವುದರೊಳಗೆ, ಮುಂಗಾರಿಗೆ ಮೊದಲಿನ ಅಡ್ಡಮಳೆ ಶುರುವಾಗಿದೆ, ರೈತರು ಬಿತ್ತನೆಗೆ ತಯಾರಾಗತಕ್ಕದ್ದು ಎಂದು ಹಳ್ಳಿಹಳ್ಳಿಗೆ ಡಂಗುರ ಸಾರಿದರು. ಟಿಪ್ಪಣಿ ಹಾಕಿದ ತಪ್ಪಿಗೆ ನನ್ನನ್ನು ಎರಡನೆಯ ಊರಿಗೆ ಎತ್ತಿ ಒಗೆದರು. ಅವಲ ಕಾರಕೂನರು ಮಾತ್ರ ಆಮೇಲೂ ಅಲ್ಲೇ ಹಲ್ಲುಜ್ಜುತ್ತಿದ್ದರಂತೆ. ಆ ವರ್ಷ ಆ ತಾಲೂಕಿನಲ್ಲಿ ಮಳೆ ಚೆನ್ನಾಗಿತ್ತೆಂದು ದಾಖಲೆಯಿದೆ.

ಸೊನ್ನೆ

ಎರಡನೆಯ ಊರಿನಲ್ಲಿ ಒಂದು ಸಂಜೆ ಮೂರು ಮೈಲಿ ಆಚೆಯ ಹಳ್ಳಿಯ ಮೇಲೆ ಮುಗಿಲು ಹರಿದು ಬಿದ್ದು ಬೆಳಗಿನ ತನಕ ಸುರಿಯಿತು. ನಮ್ಮ ಊರಿನ ಮೇಲೆ ಒಂದು ಹನಿ ಇಲ್ಲ. ಮರುದಿನ ಕಚೇರಿ ತೆರೆಯುವ ಹೊತ್ತಿಗೆ ಆ ಹಳ್ಳಿಯ ರೈತನೊಬ್ಬ ನಡೆದು ಬಂದ. ಮೊಳಕಾಲಿನವರೆಗೆ ಎರೆ ಮಣ್ಣು, ತಲೆಯ ರುಮಾಲಿನಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಮನೆಯ ಗೋಡೆ ಬಿದ್ದು ಹೆಂಡತಿಯ ಕಾಲು ಮುರಿದಿದೆ, ಪಂಚನಾಮೆ ಮಾಡಿ ಏನಾದರೂ ಕೊಡಿಸಿ ಎಂದ.

ಕಚೇರಿಯ ಮುಖ್ಯಸ್ಥರಾದ ಮಾಮಲೇದಾರ ಸಾಹೇಬರು ನನ್ನಿಂದ ರಜಿಸ್ಟರು ತರಿಸಿದರು. ಸೊನ್ನೆ. ಡಬ್ಬಿಯಲ್ಲಿ ನೀರಿರಲಿಲ್ಲ, ಹಾಗೆಂದು ನಾನೇ ಬರೆದಿದ್ದೆ. ನಿನ್ನೆ ತಾಲೂಕಿನಲ್ಲಿ ಮಳೆಯೇ ಆಗಿಲ್ಲ, ಗೋಡೆ ಹೇಗೆ ಬಿದ್ದೀತು ಎಂದರು ಸಾಹೇಬರು. ರೈತ ರುಮಾಲು ಬಿಚ್ಚಿ ಅವರ ಮೇಜಿನ ಎದುರಿಗೇ ಹಿಂಡಿದ. ಫರಸಿಯ ಮೇಲೆ ನೀರು ಹರಿದು ಸಾಹೇಬರ ಬೂಟಿನ ತನಕ ಹೋಯಿತು. ಅವರು ಕಾಲು ಮೇಲೆತ್ತಿ, ಮೊದಲು ಅದನ್ನು ಒರೆಸು ಎಂದು ಗದರಿದರು.

"ಮಳಿನ ಆಗಿಲ್ಲಂತೀರಿ," ಅಂದ ಅವನು. "ಮತ್ತ ಏನ ಒರಸ್ಲೆರೀ?"

ಕಚೇರಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ನಗೆಗೆ ಇವತ್ತಿಗೂ ನಾಚಿಕೆಯಾಗುತ್ತದೆ, ಯಾಕೆಂದರೆ ಅವನು ನಗಿಸಲಿಕ್ಕೆ ಅಂದಿರಲಿಲ್ಲ. ಮಧ್ಯಾಹ್ನ ಅವನ ಅರ್ಜಿಯ ಮೇಲೆ, ಇವನು ತೊಯ್ದದ್ದನ್ನು ಕಣ್ಣಾರೆ ಕಂಡಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಅವನಿಗೆ ಏನೂ ಸಿಗಲಿಲ್ಲ. ನನಗೆ ವರ್ಗ ಸಿಕ್ಕಿತು.

ಹನ್ನೆರಡು

ಮೂರನೆಯ ಊರಿಗೆ ಹೋದಾಗ ಅಳತೆಯೇ ಬದಲಾಯಿತು. ಗಾಜು ಮಿಲಿಮೀಟರಿನದು ಬಂತು, ರಜಿಸ್ಟರು ಮಾತ್ರ ಹಳೆಯ ಇಂಚಿನದೇ ಉಳಿಯಿತು. ಒಂದು ದಿನ ಸಾಧಾರಣ ಮಳೆಯಾಯಿತು. ನಾನು ಹನ್ನೆರಡು ಮಿಲಿಮೀಟರ್ ಎಂದು ಬಿಡಿಸಿ ಬರೆದೆ. ಇಲ್ಲಿಯ ಅವಲ ಕಾರಕೂನರು, ಇಂಥ ಶಬ್ದಕ್ಕೆ ರಜಿಸ್ಟರಿನಲ್ಲಿ ಮನೆಯೇ ಇಲ್ಲ ಎಂದು ಅದನ್ನು ಹೊಡೆದುಹಾಕಿ ಹನ್ನೆರಡನ್ನಷ್ಟೇ ಕಳಿಸಿದರು.

ಜಿಲ್ಲೆಯಿಂದ ತಂತಿ ಸುದ್ದಿಯ ತಾರು ಬಂತು. ಹನ್ನೆರಡು ಇಂಚು ಮಳೆಗೆ ಎಷ್ಟು ಮನೆ ಬಿದ್ದಿವೆ, ಎಷ್ಟು ದನ ಸತ್ತಿವೆ, ಕೂಡಲೇ ತಿಳಿಸಿ. ಸಾಹೇಬರು ತಾರು ಹಿಡಿದು ಕಿಡಕಿಯ ಪಕ್ಕದಲ್ಲೇ ಕೂತಿದ್ದರು. ಹೊರಗೆ ಆಗಲೇ ಧೂಳು ಏಳುತ್ತಿತ್ತು. ಕಿಡಕಿಯಿಂದ ಒಮ್ಮೆ ನೋಡಿರೆಂದು ಕೈಮುಗಿದೆ.

"ಬಂದದ್ದು ತಾರು," ಅಂದರು ಅವರು. "ಕಿಡಕ್ಯಾಗ ನೋಡಿ ತಾರಿಗೆ ಉತ್ತರಾ ಬರಿಯಾಕ ಬರ್ತದೇನು?"

ಕೊನೆಗೆ ಎರಡು ಆಡು, ಒಂದು ಕಣಿಕೆಯ ಬಣವೆ ತೇಲಿಹೋಗಿವೆ ಎಂದು ಬರೆದು ಕಳಿಸಿದರು. ನಾಲ್ಕು ತಿಂಗಳಿಗೆ ಮತ್ತೆ ಕಾಗದ. ಆಡುಗಳ ಒಡೆಯ ಯಾರು, ಬಣ್ಣ ಯಾವುದು, ವಯಸ್ಸೆಷ್ಟು. ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸದರಿ ಆಡುಗಳು ಸಾಯುವ ದಿನದವರೆಗೂ ಹುಟ್ಟಿರಲಿಲ್ಲ ಎಂದು ಬರೆದೆ.

ಆಡುಗಳ ವಿಚಾರಣೆ ಮುಂದೆ ಎರಡು ವರ್ಷ ನಡೆಯಿತು. ನನ್ನದು ಎರಡೇ ದಿನಕ್ಕೆ ಮುಗಿಯಿತು.

ಖಾಲಿ ಬಿಡಬಾರದು

ನಾಲ್ಕನೆಯ ಊರಿಗೆ ಬರುವ ಹೊತ್ತಿಗೆ ನಾನು ಮೆತ್ತಗಾಗಿದ್ದೆ. ಮಾವನ ಆರನೆಯ ಪತ್ರ ಬಂದಿತ್ತು. ಆರ್ಡರು ಬರದಿದ್ದರೆ ಮಗಳಿಗೆ ಬೇರೆ ದಾರಿ ನೋಡುವುದಾಗಿ ಬರೆದಿದ್ದರು.

ಅಲ್ಲಿ ಕಟ್ಟೆ ಇತ್ತು, ಡಬ್ಬಿ ಇರಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದರು. ಹೊಸದು ಬೇಕೆಂದು ಬರೆದೆ, ಉತ್ತರವಿಲ್ಲ. ಅಳೆಯಲು ಡಬ್ಬಿಯಿಲ್ಲವೆಂದು ರಜಿಸ್ಟರು ಖಾಲಿ ಬಿಟ್ಟರೆ ಮೆಮೊ ಬಂತು, ಖಾಲಿ ಬಿಡಬಾರದು. ಆ ರಾತ್ರಿ ಬಹಳ ಹೊತ್ತು ಯೋಚಿಸಲಿಲ್ಲ, ಹತ್ತು ನಿಮಿಷ ಯೋಚಿಸಿದೆ. ಮೊದಮೊದಲು ಉಳಿದ ಮೂರು ತಾಲೂಕಿನ ಅಂಕಿ ತರಿಸಿ ಸರಾಸರಿ ಹಾಕಿದೆ. ಕ್ರಮೇಣ ಕೈ ಪಳಗಿತು. ಸೋಮವಾರವೇ ಇಡೀ ವಾರದ ಮಳೆ ಬರೆದು ಮುಗಿಸತೊಡಗಿದೆ.

ವರ್ಷದ ಕೊನೆಗೆ ಹಲವು ತಾಲೂಕುಗಳ ಮೇಲಧಿಕಾರಿಯಾದ ಪ್ರಾಂತ ಸಾಹೇಬರು ತಪಾಸಣೆಗೆ ಬಂದರು. ಅಂಗಳದಲ್ಲೇ ಖುರ್ಚಿ ಹಾಕಿಸಿಕೊಂಡು ರಜಿಸ್ಟರು ತಿರುವಿದರು. ಚಹಾದ ಕಪ್ಪುಬಸಿ ಇಡಲು ಜಾಗ ಕಾಣದೆ, ಪಕ್ಕದಲ್ಲಿದ್ದ ಕಟ್ಟೆಯ ಮೇಲಿಟ್ಟರು. ಡಬ್ಬಿ ಇರಬೇಕಾದ ಕಟ್ಟೆ ಅದು.

"ಸುತ್ತಿನ ತಾಲೂಕಿಗೂ ಇದಕ್ಕೂ ಎಷ್ಟ ಛಂದ ತಾಳಿ ಆಗ್ತೈತಿ ನೋಡ್ರಿ," ಅಂದರು ಎಲ್ಲರಿಗೂ. "ಅಳತಿ ಅಂದ್ರ ಹಿಂಗಿರಬೇಕು."

ಹೇಳಿಬಿಡೋಣ ಎಂದು ಬಾಯಿ ತೆರೆದೆ. ಮಾವನ ಪತ್ರ ನೆನಪಾಗಿ ಮುಚ್ಚಿದೆ.

ತಿಂಗಳೊಳಗೆ ಕಾಯಂ ಆರ್ಡರು ಬಂತು. ಮಾವ ಅದನ್ನು ಬಿಸಿಲಿಗೆ ಹಿಡಿದು, ಸರ್ಕಾರಿ ಸಿಕ್ಕೆಯ ಮುದ್ರೆಯ ಮೇಲೆ ಬೆರಳಾಡಿಸಿ, ಎರಡು ಸಲ ಓದಿಸಿ ಖಾತ್ರಿ ಮಾಡಿಕೊಂಡರು. ನನ್ನ ನೌಕರಿಯುದ್ದಕ್ಕೂ ಇಷ್ಟು ಕಟ್ಟುನಿಟ್ಟಾದ ತಪಾಸಣೆ ಮಾಡಿದವರು ಅವರೊಬ್ಬರೇ. ಹೆಂಡತಿ ಬಂದಳು.

ಮೃಗಶಿರೆಯ ಮೊದಲ ಮಳೆ ಒಂದು ಬುಧವಾರ ಧೋ ಎಂದು ಸುರಿಯಿತು. ಹಿತ್ತಲಿಗೆ ಓಡಿ ಬಟ್ಟೆ ತಂದ ಹೆಂಡತಿ ಅಡಿಯಿಂದ ಮುಡಿಯವರೆಗೆ ತೊಯ್ದು ಬಾಗಿಲಲ್ಲಿ ನಿಂತಳು. ನನ್ನ ಕೆಲಸವೇನೆಂದು ಅವಳಿಗೆ ಗೊತ್ತಿತ್ತು.

"ಇಷ್ಟ ಮಳಿ ಬರಾಕತ್ತೈತಿ, ನೀವು ಹೋಗಿ ಅಳಿಯೂದಿಲ್ಲೇನ್ರಿ?"

"ಸೋಮವಾರನ ಬರದಾಗೈತಿ," ಅಂದೆ. "ಇವತ್ತ ಮಳಿ ಇಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೆರಗು ಹಿಂಡಿದಳು. ನೀರು ನೆಲದ ಮೇಲೆ ಹರಿದು ನನ್ನ ಕಾಲಿನ ತನಕ ಬಂತು. ಒರೆಸು ಎನ್ನಲು ನನಗೆ ಬಾಯಿ ಬರಲಿಲ್ಲ.