ಜೆಂಬೆಗೆ ರವೆ ಮೆತ್ತಿದ ಹಯವದನ

"ಮೃದಂಗ ಇಲ್ಲದಿದ್ರೆ ಆಕಾಶ ಕಳಚಿ ಬೀಳುತ್ತಾ? ಚರ್ಮ ಬಿಗಿದಿರೋ ಯಾವುದನ್ನಾದ್ರೂ ಕೊಡಿ, ನುಡಿಸಿ ತೋರಿಸ್ತೀನಿ!"

1974ರ ಯುಗಾದಿಗೆ ವಾರವಿರುವಾಗ, ಶಿಕಾಗೋ ಬಳಿಯ ಡೌನರ್ಸ್ ಗ್ರೋವ್ ಸುತ್ತಮುತ್ತಲ ಹದಿನಾಲ್ಕು ಕನ್ನಡ ಕುಟುಂಬಗಳ ಮುಂದೆ ಹಯವದನ ಹೀಗೆ ಘರ್ಜಿಸಿದ. ಭಾನುವಾರ ಡಾಕ್ಟರ್ ಇಂದುಮತಿಯವರ ಹಾಡುಗಾರಿಕೆ. ಮೃದಂಗಕ್ಕೆ ಡೆಟ್ರಾಯಿಟ್‌ನಿಂದ ಬರಬೇಕಿದ್ದ ಶೇಷಗಿರಿ, ಬೆರಳನ್ನು ಕಾರಿನ ಬಾಗಿಲಿಗೆ ಸಿಕ್ಕಿಸಿಕೊಂಡು ಕೈಯೆತ್ತಿಬಿಟ್ಟಿದ್ದರು. ಹಯವದನ ಮೈಸೂರಿನಲ್ಲಿ ಮೃದಂಗ ಕಲಿತವನೇ. ಎಂಟು ತಿಂಗಳು! ಆಮೇಲೆ ಮೇಷ್ಟ್ರು "ನಿನಗೆ ಎಂಜಿನಿಯರಿಂಗೇ ಒಳ್ಳೇದು ಕಣಯ್ಯ" ಎಂದು ಆಶೀರ್ವದಿಸಿ ಕಳಿಸಿದ್ದರು. ಈ ಆಶೀರ್ವಾದದ ಸಂಗತಿ ಹೆಂಡತಿ ವತ್ಸಲಾಳೊಬ್ಬಳಿಗೆ ಮಾತ್ರ ಗೊತ್ತಿತ್ತು.

ಶಿಕಾಗೋದ ಆಫೀಸಿನಲ್ಲಿ ಅವನ ಪಕ್ಕದ ಡ್ರಾಯಿಂಗ್ ಬೋರ್ಡು ವಾಲ್ಟರ್‌ನದು. ವಾಲ್ಟರ್ ಬಳಿ ಒಂದು ಜೆಂಬೆ ಇತ್ತು. ಪಶ್ಚಿಮ ಆಫ್ರಿಕಾದ ವಾದ್ಯ; ಸೊಂಟದೆತ್ತರ, ಒಂದೇ ಮರದ ತುಂಡಿನಲ್ಲಿ ಕೊರೆದದ್ದು, ಅಗಲ ಬಾಯಿಗೆ ಮೇಕೆ ಚರ್ಮ, ಸುತ್ತ ಹಗ್ಗದ ಬಿಗಿತ. ಕೋಲಿಲ್ಲದೆ ಬರಿಗೈಯಲ್ಲಿ ನುಡಿಸಬೇಕು. ಗಿನಿ ದೇಶದ ಗುರುವೊಬ್ಬರು ಅವನಿಗೆ ಕೊಟ್ಟುಹೋಗಿದ್ದರು. ಪ್ರತಿ ಮಂಗಳವಾರ ಸಂಜೆ ತನ್ನ ಬೀದಿಯ ಮಕ್ಕಳಿಗೆ ಅವನು ಪಾಠ ಹೇಳುತ್ತಿದ್ದ. ಒಂಬತ್ತು ಮಕ್ಕಳು, ಒಂದೇ ಜೆಂಬೆ, ಸರದಿಯ ಮೇಲೆ.

"ಸೋಮವಾರ ವಾಪಸ್ ತಂದುಬಿಡು ಹ್ಯಾರಿ. ಮಂಗಳವಾರ ಮಕ್ಕಳು ಕಾಯ್ತಿರ್ತಾರೆ. ಆಮೇಲೆ ಆ ಚರ್ಮದ ವಿಷಯ ಒಂದೆರಡು ಮಾತು..." ಎಂದ ವಾಲ್ಟರ್. ಅವನ ಬಾಯಲ್ಲಿ ಹಯವದನ ಹ್ಯಾರಿಯಾಗಿದ್ದ.

"ವಾಲ್ಟರ್! ಚರ್ಮವಾದ್ಯದಲ್ಲಿ ನಮ್ಮವರಿಗೆ ಎರಡು ಸಾವಿರ ವರ್ಷದ ಅನುಭವ!"

ವಾಲ್ಟರ್ ಜೆಂಬೆ ಎತ್ತಿ ಕೊಟ್ಟ. ಸಂಜೆಯ ರೈಲಿನಲ್ಲಿ ಜೆಂಬೆ ಕಿಟಕಿ ಪಕ್ಕ ಕುಳಿತು ಬಂತು. ಹಯವದನ ನಿಂತುಕೊಂಡು ಬಂದ.

"ಇದೇನ್ರೀ, ಮೇಕೆ ಚರ್ಮಾನ ಅಡುಗೆಮನೆಗೆ ತಂದ್ರಿ?" ಎಂದಳು ವತ್ಸಲಾ.

"ಮೃದಂಗಕ್ಕೇನು ಬಾಳೆಎಲೆ ಬಿಗೀತಾರಾ?"

ಶನಿವಾರ ಬೆಳಿಗ್ಗೆ ಸಾಧನೆ ಶುರುವಾಯಿತು. ಎಷ್ಟು ತಟ್ಟಿದರೂ ಹಯವದನನಿಗೆ ಬೇಕಾದ ಗಂಭೀರ ನಾದ ಹೊರಡಲೊಲ್ಲದು. ಮೃದಂಗದ ಎಡಮುಖಕ್ಕೆ ರವೆಯನ್ನು ನೀರಿನಲ್ಲಿ ಕಲಸಿ ಮೆತ್ತಿದರೆ ನಾದ ತುಂಬಿ ಬರುತ್ತದೆಂಬುದು ಅವನು ಕಲಿತ ವಿದ್ಯೆ. ಜೆಂಬೆಗೆ ಎಡವೂ ಇಲ್ಲ ಬಲವೂ ಇಲ್ಲ, ಇರುವುದೊಂದೇ ಮುಖ. ಆದರೆ ಎಂಟು ತಿಂಗಳ ಪಾಂಡಿತ್ಯ ಇಂಥ ಸಣ್ಣಪುಟ್ಟ ವಿಷಯಕ್ಕೆಲ್ಲ ಜಗ್ಗುತ್ತದೆಯೇ?

"ರೀ, ಅದು ನಾಳೆ ಉಪ್ಪಿಟ್ಟಿಗೆ ಅಂತ ತಂದಿಟ್ಟಿದ್ದ ಕ್ರೀಮ್ ಆಫ್ ವೀಟ್ ರವೆ!"

"ಕಲೆಗೋಸ್ಕರ ಒಂದು ದಿನ ಉಪ್ಪಿಟ್ಟು ತ್ಯಾಗ ಮಾಡು."

"ಮಾಡ್ತೀನಿ. ಆದ್ರೆ ವಾಲ್ಟರ್‌ಗೊಂದು ಫೋನ್ ಮಾಡಿ ಕೇಳ್ಬಾರ್ದಾ?"

"ರವೆ ವಿಷಯ ವಾಲ್ಟರ್‌ಗೇನು ಗೊತ್ತೇ!"

ಅಂಗೈಯಗಲ ಮೆತ್ತಿ ಬಾರಿಸಿದ. ದೊಪ್! ಇನ್ನಷ್ಟು ಮೆತ್ತಿದ. ದೊಪ್ಪೂ ಇಲ್ಲ. ನೀರು ಕುಡಿದ ಚರ್ಮ ಜೋತುಬಿದ್ದಿತ್ತು. ಒಣಗಿಸಬೇಕಲ್ಲ! ಹೇರ್ ಡ್ರೈಯರ್ ಹಿಡಿದದ್ದಾಯಿತು, ಹೀಟರ್ ಮುಂದೆ ನಿಲ್ಲಿಸಿದ್ದಾಯಿತು. ಕೊನೆಗೆ ಓವನ್ನಿನ ಬಾಗಿಲು ತೆರೆದು, ನಾನೂರು ಡಿಗ್ರಿಗೆ ತಿರುಗಿಸಿ, ಬಾಣಂತಿಯನ್ನು ಕೂರಿಸಿದಂತೆ ಜೆಂಬೆಯನ್ನು ಬೆಂಕಿ ಕಾಯಿಸಲು ಕೂರಿಸಿದ. ಚರ್ಮ ಬಿಗಿಯತೊಡಗಿತು. ಬೆರಳಲ್ಲಿ ತಟ್ಟಿ ತಟ್ಟಿ ನೋಡಿದ. ದೊಪ್ ಹೋಗಿ ಧೀಂ, ಧೀಂ ಹೋಗಿ ಟಂ, ಟಂ ಹೋಗಿ ಟಣ್!

"ನೋಡ್ದ್ಯಾ ವತ್ಸಲಾ? ಇನ್ನೈದೇ ನಿಮಿಷ, ಶ್ರುತಿ ಸೇರಿಬಿಡುತ್ತೆ!"

ಮೂರೇ ನಿಮಿಷ ಸಾಕಾಯಿತು. ಢಮಾರ್! ಚರ್ಮ ಈ ಅಂಚಿನಿಂದ ಆ ಅಂಚಿಗೆ ಸೀಳಿತು. ಹದವಾಗಿ ಹುರಿದ ರವೆ ಸೂರಿಗೆ ಹಾರಿ, ಹಯವದನನ ತಲೆಯ ಮೇಲೆ ಮಂತ್ರಾಕ್ಷತೆಯಂತೆ ಉದುರಿತು. ಮೇಲಿನ ಮನೆಯವರು ನೆಲ ಗುದ್ದಿದರು.

ವತ್ಸಲಾ ಓವನ್ ಆರಿಸಿದಳು. "ಸೇರ್ತಾ ಶ್ರುತಿ?" ಎಂದಳು.

ಭಾನುವಾರ ಇಂದುಮತಿಯವರು ತೊಡೆಯ ಮೇಲೆ ತಾಳ ಹಾಕಿಕೊಂಡು ಹಾಡಿ ಮುಗಿಸಿದರು. ಸಾಹಿತ್ಯ ಇಷ್ಟು ಸ್ಪಷ್ಟವಾಗಿ ಕೇಳಿಸಿದ್ದು ಇದೇ ಮೊದಲೆಂದು ಎಲ್ಲ ಕುಟುಂಬಗಳೂ ಕೊಂಡಾಡಿದವು! ಹಯವದನನಿಗೆ ಅದು ತಾಗಲೂ ಇಲ್ಲ. ಅವನ ತಲೆಯಲ್ಲಿ ಮಂಗಳವಾರ ಕೂತಿತ್ತು. ಆ ಒಂಬತ್ತು ಮಕ್ಕಳನ್ನು ನೆನೆದರೆ ಅವನಿಗೆ ನಿಜವಾಗಿಯೂ ನಾಚಿಕೆಯಾಗುತ್ತಿತ್ತು.

ಸೋಮವಾರ ವಾಲ್ಟರ್ ಸೀಳಿದ ಚರ್ಮವನ್ನು ಸವರಿದ, ಮೂಸಿದ, ಅಂಚಿಗಂಟಿದ್ದ ರವೆಯನ್ನು ಉಗುರಿನಿಂದ ಕೆರೆದ.

"ಹೊಸ ಚರ್ಮ ಹಾಕೋಕೆ ಹತ್ತು ದಿನ ಬೇಕು," ಎಂದ ಕೊನೆಗೆ. "ನಾಳೆ ಮಕ್ಕಳಿಗೆ ಏನು ಹೇಳಲಿ ಹ್ಯಾರಿ?"

"ನೀನೇನೂ ಹೇಳ್ಬೇಡ. ನಾನೇ ಬಂದು ಹೇಳ್ತೀನಿ."

ಹೇಳಿಯೂ ಹೇಳಿದ. ಪಾಠ ನಡೆಯುವ ಚರ್ಚಿನ ನೆಲಮಾಳಿಗೆಯಲ್ಲಿ ಸುತ್ತ ಕೂತಿದ್ದ ಒಂಬತ್ತು ಮಕ್ಕಳ ನಡುವೆ ನಿಂತು, ರವೆಯಿಂದ ಢಮಾರ್‌ವರೆಗೆ ಒಂದನ್ನೂ ಬಿಡದೆ ಒಪ್ಪಿಸಿದ. ಯಾರೂ ನಗಲಿಲ್ಲ. ಮುಂದೇನು ಮಾಡುವುದೆಂದು ತೋಚದೆ, ಮೇಷ್ಟ್ರು ಕಲಿಸಿದ ಪಾಠವನ್ನು ಬಾಯಲ್ಲೇ ಹೇಳತೊಡಗಿದ. "ತಕಧಿಮಿ ತಕಜಣು, ತಕಧಿಮಿ ತಕಜಣು..." ಒಬ್ಬಳು ದನಿಗೂಡಿಸಿದಳು. ಇನ್ನೊಬ್ಬ ತೊಡೆ ತಟ್ಟಿದ. ವಾಲ್ಟರ್ ಮೇಜು ಬಾರಿಸಿದ. ಒಂದು ಗಂಟೆ ಕಳೆದದ್ದೇ ತಿಳಿಯಲಿಲ್ಲ! ಬೆವರು ಒರೆಸಿಕೊಳ್ಳುತ್ತ ಹಯವದನ, "ಯಾರಿಗಾದರೂ ಏನಾದರೂ ಕೇಳುವುದಿದೆಯೇ?" ಎಂದು ಪ್ರೊಫೆಸರನ ಗತ್ತಿನಲ್ಲಿ ಸುತ್ತ ನೋಡಿದ.

ಎರಡು ಜಡೆಯ ಪುಟ್ಟ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಿಸ್ಟರ್ ಹ್ಯಾರಿ, ಎಲ್ಲಾ ನಿಮ್ಮ ಬಾಯಲ್ಲೇ ಇದೆಯಲ್ಲಾ, ಮತ್ತೆ ನಮ್ಮ ಡ್ರಮ್ ಯಾಕೆ ಮುಟ್ಟೋಕೆ ಹೋದ್ರಿ?"