ಬೀಗರ ಗುಳಿಗೆ

ಆಯಾಸವಾದರೆ ಸುಮ್ಮನೆ ಮಲಗಬೇಕು, ಬಾಯಿ ಬಿಡಬಾರದು. ಅರವತ್ತು ದಾಟಿದ ಮೇಲೆ ನಾನು ಕಲಿತ ಆರೋಗ್ಯಸೂತ್ರ ಇದೊಂದೇ, ಅದೂ ತಡವಾಗಿ. ಹೊಟ್ಟೆನೋವು ಎಂದರೆ ಜನ ಡಾಕ್ಟರ ಹತ್ತಿರ ಹೋಗು ಎನ್ನುತ್ತಾರೆ. ಆಯಾಸ ಎಂದರೆ ಮಾತ್ರ ಎದುರಿಗಿದ್ದವರು ತಾವೇ ಡಾಕ್ಟರಾಗಿಬಿಡುತ್ತಾರೆ. ನನ್ನ ಅಜ್ಜಿಯ ಬಳಿ ಯಾರಾದರೂ ದಣಿವು ಎಂದು ಅತ್ತರೆ ಆಕೆಯ ಔಷಧಿ ಸಿದ್ಧವಿರುತ್ತಿತ್ತು: "ಒಂದು ರೊಟ್ಟಿ ಹೆಚ್ಚಿಗಿ ಉಣ್ಣು, ಒಂದು ಮಾತು ಕಡಿಮಿ ಆಡು." ನಾನು ರೊಟ್ಟಿಯ ಭಾಗವನ್ನು ಪಾಲಿಸಿದೆ, ಮಾತಿನ ಭಾಗವನ್ನು ಮರೆತೆ.

ಮಾನ್ವಿಯ ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ವಿಜ್ಞಾನ ಹೇಳಿದವನು ನಾನು. ವಿಟಮಿನ್ ಎ ಇಲ್ಲದಿದ್ದರೆ ಇರುಳುಗಣ್ಣು, ಸಿ ಇಲ್ಲದಿದ್ದರೆ ವಸಡಿನಲ್ಲಿ ರಕ್ತ ಎಂದು ವರ್ಷವರ್ಷವೂ ಕರಿಹಲಗೆ ತುಂಬಿಸಿದೆ. ಪುಂಡಿಪಲ್ಯದ ಸೊಪ್ಪಿನಲ್ಲಿ ಕಬ್ಬಿಣ ಇದೆ ಎಂದರೆ ಹಿಂದಿನ ಬೆಂಚಿನವರು, "ಹಲ್ಲಿಗೆ ಸಿಕ್ಕಿಲ್ಲಲ್ರಿ ಸರ್" ಎಂದು ನಗುತ್ತಿದ್ದರು. ನನ್ನ ಮಾತನ್ನು ಅವರಲ್ಲಿ ಒಬ್ಬನೂ ನಂಬಿ ಪಲ್ಯ ಉಂಡಿರಲಾರ. ಈಗ ರಾಯಚೂರಿನಲ್ಲಿ ಮನೆ ಮಾಡಿಕೊಂಡು ಕೂತಿದ್ದೇನೆ. ಇಲ್ಲಿ ಬೇಸಿಗೆಯಲ್ಲಿ ಗೋಡೆಗೂ ಆಯಾಸವಾಗುತ್ತದೆ. ಹಾಗಿರುವಾಗ ಒಂದು ಮಧ್ಯಾಹ್ನ ಹೆಂಡತಿಯ ಮುಂದೆ, "ಯಾಕೋ ಮೈಯಾಗ ಕಸುವಿಲ್ಲ" ಎಂದುಬಿಟ್ಟೆ.

"ದಿನಾ ಒಂದು ವಿಟಮಿನ್ ಗುಳಿಗಿ ನುಂಗ್ರಿ. ಊರೆಲ್ಲಾ ನುಂಗತದ" ಎಂದಳು.

ಕೇಳಿಯೇ ನುಂಗೋಣ ಎಂದು ಹೋದರೆ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಎಲ್ಲಾ ಚಲೋ ಅದರಿ ಮಾಸ್ತರ. ಬಿಸಲಿಗೆ ಎಲ್ಲಾರಿಗೂ ಹಂಗ. ಮನಸ್ಸಿಗೆ ಸಮಾಧಾನ ಬೇಕಂದ್ರ ಯಾವುದಾರ ಒಂದು ತಗೋರಿ" ಎಂದರು. ಈ "ಯಾವುದಾರ ಒಂದು" ಎಷ್ಟು ಕಠಿಣವಾದ ಚೀಟಿ ಎಂಬುದು ಔಷಧಿ ಅಂಗಡಿಯಲ್ಲಿ ತಿಳಿಯಿತು. ಗಂಡಸರದೇ ಬೇರೆ, ಹೆಂಗಸರದೇ ಬೇರೆ, ಐವತ್ತು ದಾಟಿದವರದು ಬೇರೆ, ಸಕ್ಕರೆ ಕಾಯಿಲೆಯವರದು ಬೇರೆ. ಒಂದು ಡಬ್ಬಿಯ ಮೇಲೆ ಕುದುರೆ ಓಡುತ್ತಿತ್ತು. ನನಗೆ ಓಡಬೇಕಿರಲಿಲ್ಲ, ಕೂತಲ್ಲಿಂದ ಏಳಬೇಕಿತ್ತು. ಕನ್ನಡಕ ಏರಿಸಿ ಒಂದೊಂದರ ಹಿಂದಿನ ಸಣ್ಣಕ್ಷರವನ್ನೂ ಉತ್ತರಪತ್ರಿಕೆಯಂತೆ ಓದುತ್ತ ನಿಂತೆ. ಹಿಂದೆ ಜ್ವರದ ಮಗುವನ್ನು ಎತ್ತಿಕೊಂಡ ಹೆಣ್ಣುಮಗಳು, "ಯಜ್ಜಾ, ಲಗೂನ ಆರಸ್ರಿ, ಕೂಸು ದೊಡ್ಡದಾಗಿಬಿಡತದ" ಎಂದಳು. ನಾಚಿಕೆಯಾಗಿ, ಚಿತ್ರವೇ ಇಲ್ಲದ ಒಂದು ಸಾದಾ ಗುಳಿಗೆಪಟ್ಟಿಯನ್ನು ಕೊಂಡು ಬಂದೆ. ಓದಿ ತಿಳಿದು ಆರಿಸಿದ್ದೇನೆ ಎಂಬ ಹೆಮ್ಮೆ ದಾರಿಯುದ್ದಕ್ಕೂ ಇತ್ತು.

ಆ ಪಟ್ಟಿಯನ್ನು ನನ್ನ ಅಳಿಯ ನೋಡಿಬಿಟ್ಟ. ಏನೋ ಕೆಲಸಕ್ಕೆ ರಾಯಚೂರಿಗೆ ಬಂದವನು ಊಟಕ್ಕೆ ಕೂತಾಗ ಕಿಟಕಿಯಲ್ಲಿದ್ದುದನ್ನು ಕಂಡು ಕೈತೊಳೆದು ಎದ್ದುಹೋದ. ಅವನ ಅಪ್ಪ, ನಮ್ಮ ಬೀಗರಾದ ಅಮರಪ್ಪನವರಿಗೆ ದೇವದುರ್ಗದಲ್ಲಿ ಗೊಬ್ಬರದ ಅಂಗಡಿ ಇದೆ. ಕಳೆದ ವರ್ಷದಿಂದ ಅವರು ಗೊಬ್ಬರದ ಜೊತೆಗೆ ವಿಟಮಿನ್ ಡಬ್ಬಿಗಳನ್ನೂ ಮಾರುತ್ತಿದ್ದರು. ಒಬ್ಬರು ನಾಲ್ವರನ್ನು ಸೇರಿಸಬೇಕು, ಆ ನಾಲ್ವರು ಮತ್ತೆ ನಾಲ್ವರನ್ನು ಸೇರಿಸಬೇಕು, ಅಂಥ ವ್ಯಾಪಾರ. ಒಮ್ಮೆ ನನಗೂ ಹೇಳಿದ್ದರು: "ಗದ್ದಿಗೆ ಜಿಂಕ್ ಕಡಿಮಿ ಆದ್ರ ಬತ್ತ ಕೆಂಪಗಾಗತದ, ಹೌದಿಲ್ರಿ ಬೀಗರ? ಮನಷ್ಯಾಗೂ ಹಂಗ. ನಾ ಬೆಳಿಗೆ ಗೊಬ್ಬರ ಹಾಕಿದಾಂವ, ನಿಮಗ ಸುಮ್ಮ ಬಿಡತೀನೇನು?" ನಾನು ನಕ್ಕು ಮಾತು ಮರೆಸಿದ್ದೆ. ನಮ್ಮ ಕಡೆ ಬೀಗರಿಗೆ ಇಲ್ಲ ಎನ್ನುವುದಿಲ್ಲ. ನಗುತ್ತೇವೆ, ಅವರು ತಿಳಿದುಕೊಳ್ಳುತ್ತಾರೆ. ಅಮರಪ್ಪನವರು ಅದನ್ನು ಹೂಂ ಎಂದು ತಿಳಿದುಕೊಂಡಿದ್ದರು.

ನಾಲ್ಕಾರು ದಿನಕ್ಕೆ ಮಗಳು ಸುಮಾಳ ಫೋನು ಬಂತು. ದನಿ ಸಣ್ಣದಾಗಿತ್ತು.

"ಯಪ್ಪಾ, ನೀವು ಅಂಗಡಿ ಗುಳಿಗಿ ನುಂಗಾಕತ್ತೀರಂತ?"

"ಹೌದವ್ವಾ, ಡಾಕ್ಟರ್ ಹೇಳ್ಯಾರ."

"ನಮ್ಮ ಮಾವ ಉಣ್ಣಕ್ಕ ಕುಂತಾಗ ಅದನ್ನ ಅನ್ನಾಕತ್ತಾರ. 'ಸ್ವಂತ ಬೀಗರೇ ನಂಬಲಿಲ್ಲ, ಊರಾಗ ಯಾರು ನಂಬತಾರ' ಅಂತ. ಈ ಸಲ ಪಂಚಮಿಗೆ ಕಳಸಾಂಗಿಲ್ಲಂತ, ಅಂಗಡ್ಯಾಗ ಕೆಲಸ ಅದ ಅಂದ್ರು."

ಮದುವೆಯಾದ ಮೇಲೆ ಅವಳು ನಾಗರಪಂಚಮಿ ತಪ್ಪಿಸಿದವಳಲ್ಲ. ನಮ್ಮ ಸೀಮೆಯ ಹೆಣ್ಣುಮಕ್ಕಳಿಗೆ ವರ್ಷದಲ್ಲಿ ತವರು ಎಂದು ಇರುವುದೇ ಆ ನಾಲ್ಕು ದಿನ. ಹೆಂಡತಿ ಆಗಲೇ ಹಬ್ಬದ ಉಂಡಿಗೆ ಎಳ್ಳು ಆರಿಸಿಟ್ಟಿದ್ದಳು. ಫೋನಿಟ್ಟ ಮೇಲೆ ಅವಳು ನನ್ನನ್ನು ನೋಡಿದ ನೋಟಕ್ಕೆ ಯಾವ ಗುಳಿಗೆಯೂ ಇಲ್ಲ.

"ನುಂಗಿಬಿಡ್ರಿ" ಎಂದಳು. "ಇಷ್ಟು ವರ್ಷ ನನ್ನ ಅಡಿಗಿ ನುಂಗೀರಿ, ಇದೇನು ದೊಡ್ಡದು?"

ದೇವದುರ್ಗಕ್ಕೆ ಹೋಗಿ ನಾನೇ ಡಬ್ಬಿ ಕೇಳಿದೆ. ಅಮರಪ್ಪನವರು ಯೂರಿಯಾ ಚೀಲದ ಮೇಲೆ ಟವೆಲು ಹಾಸಿ ನನ್ನನ್ನು ಕೂಡಿಸಿ, ಚಹಾ ತರಿಸಿ, ಡಬ್ಬಿಯನ್ನು ಕಾಯಿ ಕೊಟ್ಟಂತೆ ಎರಡೂ ಕೈಯಿಂದ ಕೊಟ್ಟರು. ಗುಳಿಗೆ ಹುಣಸೆಬೀಜದಷ್ಟಿತ್ತು, ಗಂಟಲಿಗಿಂತ ಮೊದಲು ಮರ್ಯಾದೆಯಲ್ಲಿ ಸಿಕ್ಕಿಕೊಳ್ಳುವಂಥದ್ದು. ಅಂಗಡಿಗೆ ಬಂದಿದ್ದ ಗಿರಾಕಿಗಳ ಎದುರು ನುಂಗಿದೆ. ಇಲ್ಲಿಗೆ ಮುಗಿಯಿತು ಎಂದುಕೊಂಡೆ.

"ಬೀಗರ, ಒಂದು ಮಾತು. ಮಾನ್ವಿಯಾಗ ಗುಳಿಗಿ ಮೀಟಿಂಗ್ ಇಟ್ಟೀವಿ. ಅಲ್ಲಿ ನಿಮ್ಮ ಶಿಷ್ಯರೇ ಎಲ್ಲಾ. ನೀವು ಎರಡು ಮಾತು ಆಡ್ರಿ, ಸಾಕು."

"ನಂಗ ಗುಣ ಆಗ್ಯದೋ ಇಲ್ಲೋ ಇನ್ನೂ ಗೊತ್ತಿಲ್ರಿ."

"ಮೀಟಿಂಗಿನ ತನಕ ಆಗತದ ಬಿಡ್ರಿ. ಅದು ಮುಗೀಲಿ, ಪಂಚಮಿಗೆ ಸೊಸೀನ ನಾನೇ ಗಾಡ್ಯಾಗ ಕರಕೊಂಡು ಬರತೀನಿ."

ಅವರು ಕೆಟ್ಟ ಮನುಷ್ಯರಲ್ಲ. ತಾವೂ ದಿನಾ ಅದನ್ನೇ ನುಂಗುತ್ತಾರೆ, ನಂಬಿಯೇ ನುಂಗುತ್ತಾರೆ. ನಂಬದೆ ನುಂಗಿದವನು ನಾನೊಬ್ಬನೇ, ವೇದಿಕೆಗೆ ಕರೆದದ್ದೂ ನನ್ನನ್ನೇ.

ಮಾನ್ವಿಯ ಕಲ್ಯಾಣಮಂಟಪ ತುಂಬಿತ್ತು, ಸಿರವಾರದಿಂದಲೂ ಜನ ಬಂದಿದ್ದರು. ಮೈಕಿನ ಕಂಬ ಹಿಡಿದು ನಿಂತೆ; ಗಾಂಭೀರ್ಯಕ್ಕಲ್ಲ, ಬೀಳದಿರಲಿ ಎಂದು. "ನನಗೆ ಬಹಳ ಆಯಾಸವಿತ್ತು, ಈಗ ಇಲ್ಲ" ಎಂದೆ. ಸಭೆ ಚಪ್ಪಾಳೆ ತಟ್ಟಿತು. ಪುಂಡಿಪಲ್ಯಕ್ಕೆ ನಕ್ಕ ಹಿಂದಿನ ಬೆಂಚಿನ ಶರಣಪ್ಪ, ಈಗ ಮೀಸೆ ನರೆತವನು, ಡಬ್ಬಿ ಕೊಳ್ಳುವ ಸಾಲಿನಲ್ಲಿ ಮೊದಲು ನಿಂತ. "ಸರ್ ಸುಳ್ಳು ಹೇಳಾಂವಲ್ರೀ" ಎಂದು ಪಕ್ಕದವನಿಗೆ ಹೇಳುತ್ತಿದ್ದ. ಜೀವಮಾನವಿಡೀ ನಿಜ ಹೇಳಿ ಕೂಡಿಸಿಟ್ಟದ್ದೆಲ್ಲ ಒಂದು ಮಧ್ಯಾಹ್ನ ಕೆಲಸಕ್ಕೆ ಬಂತು.

ಅಮರಪ್ಪನವರು ಮಾತಿಗೆ ತಪ್ಪಲಿಲ್ಲ. ಪಂಚಮಿಯ ಹಿಂದಿನ ದಿನ ಸುಮಾಳನ್ನು ತಾವೇ ಕರೆತಂದು ಬಿಟ್ಟು, ಉಂಡಿ ತಿಂದು ಹೋದರು. ಹೋಗುವಾಗ ಅವರು ಏನೋ ಹೇಳುತ್ತಿದ್ದರು, ಮಗಳು ಬಾಗಿಲಲ್ಲಿ ನಿಂತು ತಲೆ ಆಡಿಸುತ್ತಿದ್ದಳು. ಒಳಗೆ ಬಂದು ನನಗೆ ಹೇಳಿದಳು: "ಯಪ್ಪಾ, ಮುಂದಿನ ಮೀಟಿಂಗು ಹೆಣಮಕ್ಕಳದಂತ. ನಾ ಮಾತಾಡಬೇಕಂತ. ನಂಗೇನು ಬರತದ? ನೀವ ಬರದುಕೊಡ್ರಿ."

ಬರೆದುಕೊಟ್ಟೆ. ಬರೆಯಲು ಕೂತ ಮೇಲೆ ಮಾಸ್ತರಿಕೆ ಬಿಡಲಿಲ್ಲ. ಎ ಇಂದ ಹಿಡಿದು ಎಲ್ಲವನ್ನೂ ಕ್ರಮವಾಗಿ, ತಪ್ಪಿಲ್ಲದೆ ಬರೆದೆ. ಸುಳ್ಳು ಕೊನೆಯ ಒಂದು ಸಾಲಿನಲ್ಲಿ ಮಾತ್ರ ಇತ್ತು. ಪಂಚಮಿಯ ದಿನ ಓಣಿಯ ಹುಡುಗಿಯರು ಬೇವಿನ ಗಿಡದ ಜೋಕಾಲಿಯಲ್ಲಿ ಹಾಡುತ್ತ ಜೀಕುತ್ತಿದ್ದರು. ತನ್ನ ಸರದಿ ಬಂದಾಗ ಸುಮಾ ಹಗ್ಗ ಹಿಡಿದು ಹಾಡಲಿಲ್ಲ. ತುಟಿಯಲ್ಲೇ ಪಾಠ ಒಪ್ಪಿಸುತ್ತ ಹಿಂದೆ ಮುಂದೆ ತೂಗುತ್ತಿದ್ದಳು. "ನನಗೆ ಬಹಳ ಆಯಾಸವಿತ್ತು, ಈಗ ಇಲ್ಲ" ಎಂಬಲ್ಲಿಗೆ ಬಂದಾಗ ಅವಸರ ಮಾಡಿದಳು. ಕಟ್ಟೆಯ ಮೇಲೆ ಕೂತ ನನಗೆ ತಡೆಯಲಾಗಲಿಲ್ಲ.

"ಅಲ್ಲಿ ಒಂದು ಉಸಿರು ತಡದು ಹೇಳವ್ವಾ" ಎಂದೆ. "ಜನ ನಂಬತಾರ."